ಮೊದಲೇ ಟಿಕೆಟ್ ಬುಕ್ ಮಾಡಬೇಡಿ

ಅಮೆರಿಕದ ನ್ಯೂಜೆರ್ಸಿಗೆ, ಎಡಿಸನ್, ಪಿಸ್ಕಾಟವೇ, ಜೆರ್ಸಿ ಸಿಟಿ ಕಡೆ ಹೊಸದಾಗಿ ಬಂದಿದ್ದೀರಾ? ಇಲ್ಲಿ ಒಂದಷ್ಟು ವರ್ಷ ಇದ್ದರೆ, ಪಕ್ಕದ ಬ್ಲಾಕಿನ ಹುಡುಗಿಯೊಬ್ಬಳು ಒಂದು ದಿನ ನಿಮ್ಮ ಹತ್ತಿರ ಏನೋ ಕೇಳಿಕೊಂಡು ಬರಬಹುದು. "ಗಂಡ ಹೊಡೀತಾನೆ, ಊರಿಗೆ ಹೋಗ್ಬೇಕು" ಅಂತ ನೇರವಾಗಿ ಹೇಳುವವರು ಕಡಿಮೆ. "ಅಕ್ಕಾ, ನಿಮ್ಮ ಫೋನಿಂದ ಅಮ್ಮಂಗೆ ಒಂದು ಕಾಲ್ ಮಾಡ್ಲಾ?" ಅಂತಾರೆ. "ಕಾರ್ಡ್ ಇಲ್ದೆ ಟಿಕೆಟ್ ಸಿಗುತ್ತಾ?" ಅಂತಾರೆ. "ಪಾಸ್‌ಪೋರ್ಟ್ ಕಳೆದೋದ್ರೆ ಏನ್ ಮಾಡ್ತಾರೆ?" ಅಂತ ಬೇರೆ ಯಾರದೋ ವಿಷಯದ ಹಾಗೆ ವಿಚಾರಿಸುತ್ತಾರೆ.

ಆಗ ನಮ್ಮವರಿಗೆ ಮೊದಲು ಹೊಳೆಯುವುದು ಒಂದೇ. ಪಾಪ, ನಾಲ್ಕು ಜನ ದುಡ್ಡು ಹಾಕಿ ಟಿಕೆಟ್ ತೆಗೆದು ಈ ವಾರವೇ ಕಳಿಸಿಬಿಡೋಣ. ಮನಸ್ಸು ಒಳ್ಳೆಯದೇ. ಆದರೆ ಟಿಕೆಟ್ ಕೊನೆಯ ಕೆಲಸ. ಕೈಯಲ್ಲಿ ಕಾಗದಪತ್ರ ಇಲ್ಲದೆ, ಕೋರ್ಟಿನ ಆರ್ಡರ್ ಇಲ್ಲದೆ, ಮಗುವಿನ ವಿಷಯ ಇತ್ಯರ್ಥ ಮಾಡಿಕೊಳ್ಳದೆ ಊರಿಗೆ ಹೋದವಳು ಅಲ್ಲಿಂದ ಈ ಕಡೆಯ ಹಕ್ಕುಗಳನ್ನು ಕೇಳುವುದು ಬಹಳ ಕಷ್ಟ. ಗಂಡನೇ ರಜೆಗೆ ಅಂತ ಊರಿಗೆ ಕರೆದುಕೊಂಡು ಹೋಗಿ, ಅವಳ ಪಾಸ್‌ಪೋರ್ಟ್ ಎತ್ತಿಕೊಂಡು ಒಬ್ಬನೇ ವಾಪಸ್ ಬರುವುದೂ ಉಂಟು. ಆತುರದಲ್ಲಿ ನಾವೇ ಕಳಿಸಿಕೊಟ್ಟರೆ ಅವನ ಆ ಕೆಲಸವನ್ನು ನಾವು ಸುಲಭ ಮಾಡಿಕೊಟ್ಟ ಹಾಗೆ.

ಅವಳಿಗೆ ಊರಿಗೆ ಹೋಗಲೇಬೇಕೆಂದಿದೆಯೋ, ಈ ಮನೆಯಿಂದ ಹೊರಗೆ ಬಂದರೆ ಸಾಕೋ ಅಂತ ಮೊದಲು ಕೇಳಿ. ಎರಡೂ ಬೇರೆ ಬೇರೆ. ಗಂಡ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದರೆ, ದೌರ್ಜನ್ಯಕ್ಕೆ ಒಳಗಾದ ಹೆಂಡತಿ ಅವನ ಸಹಿಯಿಲ್ಲದೆ ತಾನೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ದಾರಿ ಇದೆ. ಗಂಡನ ಎಚ್-1ಬಿ ಕೆಲಸದ ವೀಸಾದ ಆಧಾರದ ಮೇಲೆ ಹೆಂಡತಿಗೆ ಸಿಗುವ ಎಚ್-4ನಲ್ಲಿ ಇರುವವರಿಗೆ ಆ ದಾರಿ ಇಲ್ಲ. ಆದರೆ ಅಂಥವರಿಗೆ ಕೆಲಸದ ಪರವಾನಗಿ ಕೊಡುವ ಒಂದು ಅರ್ಜಿ 2017ರಿಂದ ಇದೆ, ಐ-765ವಿ ಅಂತ. ಅಪರಾಧಕ್ಕೆ ಬಲಿಯಾದವರಿಗೆ ಯು ವೀಸಾ ಕೂಡ ಇದೆ, ಆದರೆ ವರ್ಷಕ್ಕೆ 10,000ದ ಮಿತಿ ಇರುವುದರಿಂದ ಕಾಯುವುದು ಬಹಳ. ಇವೆಲ್ಲ ಇಮಿಗ್ರೇಷನ್ ವಕೀಲರು ನೋಡುವ ವಿಷಯ. ನಿಮ್ಮ ಆಫೀಸಿನ ಗೆಳೆಯರ ಸಲಹೆ ಬೇಡ.

ಇನ್ನೊಂದು ಮಾತು ಅವಳ ಕಿವಿಗೆ ಬೀಳಲೇಬೇಕು. "ನಿನ್ನ ವೀಸಾ ಕ್ಯಾನ್ಸಲ್ ಮಾಡಿಸಿ ಡಿಪೋರ್ಟ್ ಮಾಡಿಸ್ತೀನಿ" ಅನ್ನುವುದು ಈ ಗಂಡಂದಿರ ಮಾಮೂಲಿ ಬೆದರಿಕೆ. ಯಾರನ್ನೂ ಡಿಪೋರ್ಟ್ ಮಾಡುವ ಅಧಿಕಾರ ಗಂಡನಿಗಿಲ್ಲ. ಮದುವೆ ಊರ್ಜಿತದಲ್ಲಿದ್ದು, ಅವನ ಎಚ್-1ಬಿ ನಡೆಯುತ್ತಿರುವವರೆಗೆ, ಐ-94ರ (ಇಲ್ಲಿ ಯಾವತ್ತಿನವರೆಗೆ ಇರಬಹುದು ಅನ್ನುವ ಸರ್ಕಾರದ ದಾಖಲೆ) ದಿನಾಂಕದವರೆಗೆ ಅವಳ ಎಚ್-4 ಇರುತ್ತದೆ. ಡೈವೋರ್ಸ್ ಆದ ದಿನ ಹೋಗುತ್ತದೆ. ಅದಕ್ಕೇ ಡೈವೋರ್ಸ್ ಕಾಗದಕ್ಕೆ ಸುಮ್ನೆ ಸಹಿ ಹಾಕಬಾರದು. ಐ-94 ಪ್ರತಿಯನ್ನು ಪಾಸ್‌ಪೋರ್ಟ್ ನಂಬರ್ ಕೊಟ್ಟು ಸರ್ಕಾರದ ವೆಬ್‌ಸೈಟಿನಿಂದ ಅವಳೇ ಇಳಿಸಿಕೊಳ್ಳಬಹುದು.

ಬಾಗಿಲಲ್ಲಿ ಪೊಲೀಸರು ನಿಂತಾಗ

ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಪೊಲೀಸರ ತುರ್ತು ನಂಬರ್ 911. ಇದರಲ್ಲಿ ಯೋಚನೆ ಮಾಡುವುದು ಏನೂ ಇಲ್ಲ. ಬಿಟ್ಟು ಹೊರಡುವ ಹೊತ್ತೇ ಅತಿ ಅಪಾಯದ ಹೊತ್ತು ಅನ್ನುವುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು.

ಆದರೆ ಪೊಲೀಸರು ಬಂದ ಮೇಲೆ ಆಗುವುದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಬಾಗಿಲು ತೆಗೆದದ್ದು ಗಂಡ. ಮಾತು ನಯವಾಗಿತ್ತು, ಇಂಗ್ಲಿಷ್ ಚೆನ್ನಾಗಿತ್ತು. ಅವಳು ಹಿಂದೆ ಅಡುಗೆಮನೆ ಹತ್ತಿರ ನಿಂತಿದ್ದಳು, ದುಪಟ್ಟಾವನ್ನು ಮೊಣಕೈವರೆಗೆ ಸುತ್ತಿಕೊಂಡಿದ್ದಳು. ಪೊಲೀಸ್ "ಎವೆರಿಥಿಂಗ್ ಓಕೆ, ಮ್ಯಾಮ್?" ಅಂದರು. ಅವಳು ಬಾಯಿ ತೆಗೆಯುವ ಮೊದಲೇ ಅವನು "ಅವಳಿಗೆ ಇಂಗ್ಲಿಷ್ ಬರಲ್ಲ, ನಾನು ಹೇಳ್ತೀನಿ" ಅಂತ ಶುರು ಮಾಡಿದ. ಅವಳು ಮೈಸೂರಿನಲ್ಲಿ ಬಿ.ಇ. ಮಾಡಿದವಳು.

ಹಾಗಾಗಿ ಎರಡೇ ಶಬ್ದ ಬಾಯಿಪಾಠ ಮಾಡಿಸಿ: "ಕನ್ನಡ ಇಂಟರ್‌ಪ್ರಿಟರ್." ಇಂಗ್ಲಿಷ್ ಬಂದರೂ ಆ ಗಾಬರಿಯಲ್ಲಿ ನಾಲಿಗೆ ಏಳುವುದಿಲ್ಲ. ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಹಿಡಿಯಲು ಪೊಲೀಸರಿಗೆ ವ್ಯವಸ್ಥೆ ಇದೆ, ಕೋರ್ಟಿನಲ್ಲಿ ದುಭಾಷಿಗೆ ದುಡ್ಡು ಕೊಡಬೇಕಿಲ್ಲ. ಗಂಡನಾಗಲಿ, ಮಗುವಾಗಲಿ, ಕನ್ನಡ ಕೂಟದ ಪರಿಚಯದವರಾಗಲಿ ಆ ಕೆಲಸ ಮಾಡಬಾರದು. ನೀವೂ ಮಾಡಬೇಡಿ. ಅವನಿಂದ ದೂರ, ಬೇರೆಯಾಗಿ ಮಾತಾಡಬೇಕು ಅಂತಲೂ ಅವಳು ಕೇಳಬಹುದು. ನ್ಯೂಜೆರ್ಸಿಯಲ್ಲಿ ಮೈಮೇಲೆ ಗಾಯದ ಗುರುತು ಕಂಡರೆ ಪೊಲೀಸರು ಅರೆಸ್ಟ್ ಮಾಡಲೇಬೇಕು. ಇದು ಅವಳಿಗೆ ಮೊದಲೇ ಗೊತ್ತಿರಲಿ. ಅವನ ಕೆಲಸ ಹೋದರೆ ತನ್ನ ವೀಸಾ ಕೂಡ ಹೋಗುತ್ತದೆ ಅನ್ನುವ ಲೆಕ್ಕ ಅವಳ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಅದು ಸುಳ್ಳು ಭಯವೂ ಅಲ್ಲ. ಆ ಲೆಕ್ಕವನ್ನು ಅವಳೇ ಮಾಡಲಿ, ಅವಳ ಪರವಾಗಿ ನೀವು ಮಾಡಬೇಡಿ.

911ರಷ್ಟು ತುರ್ತು ಇಲ್ಲದಿದ್ದರೆ ದೇಶದ ಹಾಟ್‌ಲೈನ್ 1-800-799-7233, ನ್ಯೂಜೆರ್ಸಿಯದು 1-800-572-7233. ಎರಡೂ ಹಗಲು ರಾತ್ರಿ ಇರುತ್ತವೆ. ನಮ್ಮ ಕಡೆಯ ಹೆಣ್ಣುಮಕ್ಕಳ ಪರಿಸ್ಥಿತಿ ಬಿಡಿಸಿ ಹೇಳದೆಯೇ ಅರ್ಥ ಆಗುವ ಸಂಸ್ಥೆಗಳೂ ಇವೆ. ನ್ಯೂಜೆರ್ಸಿಯಲ್ಲಿ 1985ರಿಂದ ಇರುವ ಮಾನವಿ, ನ್ಯೂಯಾರ್ಕಿನಲ್ಲಿ ಸಖಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ ಮತ್ತು ನಾರಿಕಾ, ಹ್ಯೂಸ್ಟನ್‌ನಲ್ಲಿ ದಯಾ, ಅಟ್ಲಾಂಟಾದಲ್ಲಿ ರಕ್ಷಾ, ಶಿಕಾಗೋದಲ್ಲಿ ಅಪ್ನಾ ಘರ್. ಅತ್ತೆ ಮಾವ ಆರು ತಿಂಗಳು ಬಂದು ಕೂತರೆ ಮನೆಯಲ್ಲಿ ಏನಾಗುತ್ತದೆ ಅಂತ ಇವರಿಗೆ ವಿವರಿಸಬೇಕಿಲ್ಲ. ಮೊದಲ ಫೋನ್ ಇವರಿಗೇ ಹೋಗಲಿ. ಶೆಲ್ಟರಿನ ವಿಳಾಸ ಗುಟ್ಟಾಗಿರುತ್ತದೆ, ಕೇಳಬೇಡಿ. ಅಲ್ಲಿ ಊಟ ಹೇಗೋ ಅಂತ ಅವಳು ಚಿಂತೆ ಮಾಡಿದರೆ, ಒಂದು ಡಬ್ಬಿ ಸಾರಿನ ಪುಡಿಯನ್ನು ಸಂಸ್ಥೆಯವರ ಕೈಯಲ್ಲಿ ಕಳಿಸಿ. ಅದಕ್ಕಿಂತ ದೊಡ್ಡ ಉಪಕಾರ ಆ ವಾರ ಇನ್ನೊಂದಿಲ್ಲ.

ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದಾ? ಅವನಿಗೆ ನಿಮ್ಮ ಮನೆ ಗೊತ್ತಿದ್ದರೆ ಬೇಡ. ಅವಳಿಗೂ ಅಪಾಯ, ನಿಮ್ಮ ಮಕ್ಕಳಿಗೂ ಅಪಾಯ. ಇನ್ನು "ನಾವೂ ವೀಸಾದಲ್ಲಿ ಇರೋರು, ನಮಗೆ ತೊಂದರೆ ಆಗುತ್ತಾ?" ಅಂತ ಹೊಸಬರು ಹೆದರುತ್ತಾರೆ. ಪೊಲೀಸರಿಗೆ ಫೋನ್ ಮಾಡಿದ್ದಕ್ಕೋ, ಕೋರ್ಟಿಗೆ ಕಾರಲ್ಲಿ ಬಿಟ್ಟು ಬಂದಿದ್ದಕ್ಕೋ ಯಾರ ವೀಸಾನೂ ಹೋಗುವುದಿಲ್ಲ.

ಫೋನು, ಕಾಗದ, ಚಿನ್ನ

ಫ್ಯಾಮಿಲಿ ಪ್ಲಾನಿನ ಬಿಲ್ಲು ಅವನ ಕೈಗೆ ಬರುತ್ತದೆ. ಅವಳು ಯಾರಿಗೆ ಮಾಡಿದಳು, ಎಷ್ಟು ಹೊತ್ತು ಮಾತಾಡಿದಳು ಎಲ್ಲ ಅದರಲ್ಲಿರುತ್ತದೆ. ಲೊಕೇಶನ್ ಶೇರಿಂಗ್, ಅವನ ಲ್ಯಾಪ್‌ಟಾಪಿನಲ್ಲಿ ತೆರೆದೇ ಇರುವ ಅವಳ ವಾಟ್ಸ್ಆ್ಯಪ್, ಬಾಗಿಲ ಕ್ಯಾಮೆರಾ, ಕಾರಿನ ಆ್ಯಪ್ ಎಲ್ಲವೂ ಕಣ್ಣುಗಳೇ. ಇವನ್ನೆಲ್ಲ ದಿಢೀರನೆ ಆಫ್ ಮಾಡಿದರೆ ಅವನಿಗೆ ಸಂಶಯ ಬರುತ್ತದೆ. ಅದಕ್ಕೆ ಹೊರಡುವವರೆಗೆ ಆ ಫೋನ್ ಹಾಗೇ ಇರಲಿ. ಮುಖ್ಯವಾದ ಮಾತಿಗೆ ನಿಮ್ಮ ಫೋನ್, ಮೇಲ್‌ಗೆ ಲೈಬ್ರರಿಯ ಕಂಪ್ಯೂಟರ್, ಹೊಸ ಪಾಸ್‌ವರ್ಡಿನ ಹೊಸ ಅಕೌಂಟ್.

ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಅವನ ಎಚ್-1ಬಿ ಅಪ್ರೂವಲ್ ನೋಟಿಸ್, ಪೇ ಸ್ಲಿಪ್, ಟ್ಯಾಕ್ಸ್ ರಿಟರ್ನ್, ಬಾಡಿಗೆ ಕರಾರು: ಸಿಕ್ಕಿದ್ದರ ಫೋಟೋ ತೆಗೆದು ಆ ಹೊಸ ಅಕೌಂಟಿಗೆ ಹಾಕಲಿ. ಅವನ ಸಂಬಳ ಎಷ್ಟು ಅಂತ ಮುಂದೆ ಜೀವನಾಂಶದ ಹೊತ್ತಿಗೆ ತೋರಿಸಲು ಈಗ ತೆಗೆದ ಫೋಟೋನೇ ಆಧಾರ. ಗಾಯದ ಫೋಟೋಗೆ ದಿನಾಂಕ ಇರಲಿ, ಡಾಕ್ಟರಿಗೆ ತೋರಿಸಿದರೆ ನಡೆದದ್ದನ್ನೇ ಹೇಳಲಿ. ತಾನೂ ಭಾಗಿಯಾದ ಮಾತನ್ನು ರೆಕಾರ್ಡ್ ಮಾಡಲು ನ್ಯೂಜೆರ್ಸಿಯಲ್ಲಿ ಎದುರಿನವರ ಒಪ್ಪಿಗೆ ಬೇಕಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಬೇಕು. ಮದುವೆ ಚಿನ್ನ ಊರಿನಲ್ಲಿ ಅತ್ತೆಯ ಲಾಕರಿನಲ್ಲಿ ಇರುತ್ತದೆ, ಗೊತ್ತಲ್ಲ. ಮದುವೆ ಆಲ್ಬಂ ಮತ್ತು ಅಂಗಡಿಯ ಬಿಲ್ಲನ್ನು ತವರಿನವರು ಇವತ್ತೇ ಹುಡುಕಿ ಇಡಲಿ.

ಪಾಸ್‌ಪೋರ್ಟ್ ಅವನೇ ಬಚ್ಚಿಟ್ಟಿದ್ದರೆ ಅದಕ್ಕೂ ಟಿಆರ್‌ಒ ಉಪಯೋಗಕ್ಕೆ ಬರುತ್ತದೆ. ಟಿಆರ್‌ಒ ಅಂದರೆ ಅವನು ಹತ್ತಿರ ಬಾರದಂತೆ ಕೋರ್ಟ್ ಕೊಡುವ ತಾತ್ಕಾಲಿಕ ಆರ್ಡರ್. ಫೀಸ್ ಇಲ್ಲ. ವಾರದ ದಿನಗಳಲ್ಲಿ ಕೌಂಟಿ ಕೋರ್ಟಿನ ಫ್ಯಾಮಿಲಿ ವಿಭಾಗ, ರಾತ್ರಿ ಮತ್ತು ಶನಿವಾರ ಭಾನುವಾರ ಪೊಲೀಸ್ ಸ್ಟೇಷನ್. ಗುರುತಿನ ದಾಖಲೆ, ಕೀಲಿ, ಸ್ವಂತ ಸಾಮಾನು ಅವಳಿಗೆ ಸಿಗುವಂತೆಯೂ ಆ ಆರ್ಡರಿನಲ್ಲಿ ಬರೆಸಬಹುದು, ಕೇಳಿದರೆ ಮಾತ್ರ. ಹತ್ತು ದಿನದೊಳಗೆ ಫೈನಲ್ ಆರ್ಡರಿನ ವಿಚಾರಣೆ ಗೊತ್ತು ಮಾಡುತ್ತಾರೆ. ಅವಳು ಅದಕ್ಕೆ ಹಾಜರಾಗದಿದ್ದರೆ ಕೇಸ್ ಬಿದ್ದುಹೋಗಬಹುದು. ಟಿಕೆಟ್ ಆಮೇಲೆ ಅಂತ ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಒಂದು ಕಾರಣ.

ಪಾಸ್‌ಪೋರ್ಟ್ ಸಿಗಲೇ ಇಲ್ಲ ಅಂದರೆ ಪೊಲೀಸ್ ರಿಪೋರ್ಟ್ ಮಾಡಿಸಿ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿಗೆ ಹೋಗಬೇಕು. ಭಾರತಕ್ಕೆ ಒಂದೇ ಸಲ ಪ್ರಯಾಣ ಮಾಡಲು ಎಮರ್ಜೆನ್ಸಿ ಸರ್ಟಿಫಿಕೇಟ್ ಅಂತ ಕೊಡುತ್ತಾರೆ. ಕೈಯಲ್ಲಿ ಕಾಸಿಲ್ಲದವರಿಗೆ ಟಿಕೆಟ್ಟಿಗೆ, ತಂಗಲು, ವಕೀಲರಿಗೆ ನೆರವಾಗಲು 2009ರಲ್ಲಿ ಶುರುವಾದ ಇಂಡಿಯನ್ ಕಮ್ಯುನಿಟಿ ವೆಲ್‌ಫೇರ್ ಫಂಡ್ ಇದೆ. ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಬರವಣಿಗೆಯಲ್ಲಿ ಕೊಡಿ, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಿನಲ್ಲೂ ದೂರು ಹಾಕಿ.

ಮಗು ಇದ್ದರೆ

ಮಗು ಇದ್ದಾಗ ಒಳ್ಳೆಯ ಮನಸ್ಸಿನವರೇ ತಾಯಿಯನ್ನು ದೊಡ್ಡ ತೊಂದರೆಗೆ ಸಿಕ್ಕಿಸುತ್ತಾರೆ. "ಮಗೂನ ಎತ್ಕೊಂಡು ಫ್ಲೈಟ್ ಹತ್ತಿಬಿಡು, ಆಮೇಲೆ ನೋಡೋಣ" ಅನ್ನುವ ಅಣ್ಣಂದಿರು ಎಲ್ಲ ಊರಿನಲ್ಲೂ ಇದ್ದಾರೆ. ನ್ಯೂಜೆರ್ಸಿಯಲ್ಲಿ ಹುಟ್ಟಿದ ಅಥವಾ ಐದು ವರ್ಷ ಇಲ್ಲಿದ್ದ ಮಗುವನ್ನು, ತಂದೆ ತಾಯಿ ಬೇರೆಯಾಗಿರುವಾಗ, ಇನ್ನೊಬ್ಬರ ಒಪ್ಪಿಗೆಯೋ ಕೋರ್ಟಿನ ಅನುಮತಿಯೋ ಇಲ್ಲದೆ ರಾಜ್ಯದಿಂದ ಹೊರಗೆ ಕರೆದೊಯ್ಯುವಂತಿಲ್ಲ. ದೇಶ ಬಿಟ್ಟರೆ 1993ರ ಫೆಡರಲ್ ಕಾನೂನಿನ ಪ್ರಕಾರ ಅಪರಾಧದ ಕೇಸೇ ಆಗಬಹುದು. ಹಿಂಸೆಯಿಂದ ಓಡಿಹೋಗುತ್ತಿದ್ದೆ ಅನ್ನುವ ಸಮರ್ಥನೆಗೆ ಆ ಕಾನೂನಿನಲ್ಲಿ ಜಾಗ ಇದೆ. ಆದರೆ ಅದನ್ನು ಕೋರ್ಟಿನಲ್ಲಿ ವಾದಿಸಿ ಗೆಲ್ಲಬೇಕು, ಏರ್‌ಪೋರ್ಟಿನಲ್ಲಿ ತೋರಿಸುವ ಚೀಟಿ ಅಲ್ಲ.

ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದಾಗ ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹೋದ ಮಗು ಬರದಿದ್ದರೆ ಏನು ಅಂತ ಇಲ್ಲಿನ ಜಡ್ಜ್‌ಗಳು ಹಿಂದೆ ಮುಂದೆ ನೋಡುತ್ತಾರೆ. ಹಾಗಂತ ಅನುಮತಿ ಸಿಗುವುದೇ ಇಲ್ಲ ಅಂತಲ್ಲ. ಫ್ಯಾಮಿಲಿ ವಕೀಲರ ಮೂಲಕ ಕೇಳಬೇಕು, ಕಾಯಬೇಕು. ಟಿಆರ್‌ಒ ತೆಗೆದುಕೊಳ್ಳುವಾಗಲೇ ಮಗುವಿನ ತಾತ್ಕಾಲಿಕ ಕಸ್ಟಡಿಯನ್ನೂ ಕೇಳಬಹುದು. ಇನ್ನು ಇಲ್ಲಿ ಹುಟ್ಟಿದ ಮಗುವಿನ ಪಾಸ್‌ಪೋರ್ಟ್ ಅಮೆರಿಕದ್ದು, 16 ವರ್ಷದೊಳಗೆ ಅದನ್ನು ಮಾಡಿಸಲು ಸಾಮಾನ್ಯವಾಗಿ ಇಬ್ಬರ ಒಪ್ಪಿಗೆಯೂ ಬೇಕು. ಭಾರತಕ್ಕೆ ಹೋಗಲು ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಅಥವಾ ವೀಸಾ ಬೇಕು. ತಾಯಿಗೆ ದಾರಿ ಸಿಕ್ಕಿ ಮಗುವಿಗೆ ಸಿಗದೆ ಅವಳು ಇಲ್ಲೇ ಉಳಿದದ್ದನ್ನು ಕಂಡಿದ್ದೇನೆ.

ನಮ್ಮ ಜನದ ಬಾಯಿ

ಯಾವ ಗ್ರೂಪಿಗೂ ಹಾಕಬೇಡಿ. "ಹೆಸರು ಹೇಳಲ್ಲ, ಒಬ್ಬ ಸೋದರಿಗೆ ಸಹಾಯ ಬೇಕು" ಅಂತಲೂ ಬೇಡ. ಸಂಜೆ ಹೊತ್ತಿಗೆ ಯಾರ ಮನೆ ಅಂತ ಎಲ್ಲರಿಗೂ ಗೊತ್ತಾಗಿರುತ್ತದೆ, ರಾತ್ರಿ ಹೊತ್ತಿಗೆ ದಾವಣಗೆರೆಯ ಮಾವನಿಗೂ ಗೊತ್ತಾಗಿರುತ್ತದೆ. ಹಿರಿಯರೊಬ್ಬರು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತೇನೆ ಅಂತ ಬಂದೇ ಬರುತ್ತಾರೆ. ಹೊಡೆದವನ ಪಕ್ಕದಲ್ಲೇ ಕೂತು ಅವಳು ಏನು ಹೇಳಲು ಸಾಧ್ಯ? ನನ್ನ ಮಟ್ಟಿಗೆ ಇದು ಸಹಾಯವೇ ಅಲ್ಲ. ಅವಳು ಒಮ್ಮೆ ಹೊರಟು ವಾಪಸ್ ಹೋದರೂ ಮುಖ ತಿರುಗಿಸಬೇಡಿ, ಮತ್ತೆ ಫೋನ್ ಕೇಳಲು ಬಂದರೆ ಕೊಡಿ. ಗಂಡಸರೂ ಹೀಗೆ ಸಿಕ್ಕಿಬೀಳುತ್ತಾರೆ, ಇದೇ ಹಾಟ್‌ಲೈನ್, ಇದೇ ಕೋರ್ಟ್ ಅವರಿಗೂ ಇವೆ.

ಕೊನೆಗೆ ಟಿಕೆಟ್

ಎಲ್ಲ ಆದ ಮೇಲೆ ಟಿಕೆಟ್. ಎಮರ್ಜೆನ್ಸಿ ಸರ್ಟಿಫಿಕೇಟಿನಲ್ಲಿ ಹೋಗುವವರಿಗೆ ದುಬೈ, ಫ್ರಾಂಕ್‌ಫರ್ಟ್ ಅಂತ ನಡುವೆ ಇಳಿಯುವ ದಾರಿ ಬೇಡ. ದೆಹಲಿಗೋ ಮುಂಬೈಗೋ ನೇರ ವಿಮಾನ, ಅಲ್ಲಿಂದ ಬೆಂಗಳೂರು. ಅವನ ಮೇಲ್‌ಗೆ ಹೋಗುವ ಮೈಲೇಜ್ ಅಕೌಂಟ್ ನಂಬರ್ ಹಾಕಬೇಡಿ. ಕೆಂಪೇಗೌಡ ಏರ್‌ಪೋರ್ಟಿಗೆ ತವರಿನವರು ಮಾತ್ರ ಬರಲಿ.

ಊರಿಗೆ ಹೋದ ಮೇಲೆ ತವರಿನ ಠಾಣೆಯಲ್ಲೇ ದೂರು ಕೊಡಬಹುದು, ಗಂಡನ ಊರಿಗೇ ಹೋಗಬೇಕಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ವಿರುದ್ಧ ಇದ್ದ ಹಿಂದಿನ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ, ಕಾನೂನು ಸೇವಾ ಪ್ರಾಧಿಕಾರದ ನಂಬರ್ 15100. ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಸೆಲ್‌ಗೂ ಬರೆಯಬಹುದು.

ಒಂದಷ್ಟು ತಿಂಗಳಾದ ಮೇಲೆ ನ್ಯೂಜೆರ್ಸಿಯಿಂದ ಡೈವೋರ್ಸ್ ಸಮನ್ಸ್ ಬರಬಹುದು. ಅದನ್ನು ಬೀರುವಿನಲ್ಲಿ ಇಟ್ಟು ಸುಮ್ಮನೆ ಕೂರುವುದೂ ಬೇಡ, ಅದೇ ದಿನ ಉತ್ತರ ಬರೆಯುವುದೂ ಬೇಡ. ನಮ್ಮ ಮದುವೆ ಕಾನೂನಿನಲ್ಲಿ ಇಲ್ಲದ ಕಾರಣಕ್ಕೆ ಕೊಟ್ಟ ವಿದೇಶಿ ಡೈವೋರ್ಸಿಗೆ ಭಾರತದಲ್ಲಿ ಮಾನ್ಯತೆ ಇಲ್ಲ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆದರೆ ಅವಳು ತಾನಾಗಿ ಆ ಕೋರ್ಟಿಗೆ ಒಪ್ಪಿ ಹಾಜರಾದರೆ ವಾದ ಬೇರೆ ಆಗುತ್ತದೆ. ಕವರ್ ಒಡೆದ ತಕ್ಷಣ ಬಂದ ದಿನಾಂಕ ಬರೆದಿಟ್ಟು, ಫೋಟೋ ತೆಗೆದು, ಇಲ್ಲಿನ ಸಂಸ್ಥೆಯವರಿಗೂ ಅಲ್ಲಿನ ವಕೀಲರಿಗೂ ಕಳಿಸಲಿ.