ಹೆಡ್ಡಿಂಗಿನಲ್ಲಿ ನಾನು ಕತ್ತರಿಸದ ಅಕ್ಷರಗಳು

ಪತ್ರಿಕೆಯಲ್ಲಿ ಸುದ್ದಿ ತಿದ್ದಿ ಹೆಡ್ಡಿಂಗ್ ಕೊಡುವ ಡೆಸ್ಕಿಗೆ ಸೇರಿದ ಹೊಸದರಲ್ಲಿ ನಾನು ಕೊಟ್ಟ ಒಂದು ತಲೆಬರಹ ಹೀಗಿತ್ತು: ‘ಬಸ್‌ಗೆ ಲಾರಿ ಡಿಕ್ಕಿ: ಚಾಲಕ ಸಾವು’. ಸಿಂಗಲ್ ಕಾಲಂ ಸುದ್ದಿ, ಎರಡು ಸಾಲು, ಅಳತೆಗೆ ಸರಿಯಾಗಿ ಕೂತಿತ್ತು. ಖುಷಿಯಲ್ಲೇ ಪೇಜನ್ನು ಮುದ್ರಣಕ್ಕೆ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಕಚೇರಿಗೆ ಫೋನ್ ಬಂತು. ಬಸ್ ಚಾಲಕನ ಮನೆಯವರು. ಸತ್ತಿದ್ದು ಲಾರಿ ಚಾಲಕ. ಒಳಗಿನ ಸುದ್ದಿಯಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ಆದರೆ ಹೆಡ್ಡಿಂಗ್ ಮಾತ್ರ ಓದಿದ ನೆಂಟರೆಲ್ಲ ಅವರ ಮನೆಗೆ ಫೋನ್ ಮಾಡಿ ಅಳತೊಡಗಿದ್ದರು.

ಜಾಗ ಇರಲಿಲ್ಲ ಎಂದು ಹೇಳಿ ನೋಡಿದೆ. ‘ಹಾಗಾದ್ರೆ ಡಿಕ್ಕಿ ತೆಗೀಬೇಕಿತ್ತು, ಲಾರಿ ಅಲ್ಲ’ ಎಂದರು ಡೆಸ್ಕಿನ ಹಿರಿಯರಾದ ಚೀಫ್ ಸಬ್ (ಮುಖ್ಯ ಉಪಸಂಪಾದಕರು). ‘ಅಪಘಾತ: ಲಾರಿ ಚಾಲಕ ಸಾವು’. ಮೂಲಕ್ಕಿಂತ ಚಿಕ್ಕದೇ ಆಗುತ್ತಿತ್ತು.

ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡೆ. ಸುದ್ದಿ ಓದಿ ಮುಗಿಸಿದ ಮೇಲೆ ಪರದೆಯಿಂದ ಕಣ್ಣು ತೆಗೆದು, ಏನಾಯ್ತು ಎಂದು ಪಕ್ಕದವರು ಕೇಳಿದರೆ ಹೇಗೆ ಹೇಳುತ್ತೇನೋ ಹಾಗೆ ಒಂದು ಪೂರ್ತಿ ವಾಕ್ಯ ಹೇಳಿಕೊಳ್ಳುತ್ತೇನೆ. ಆಮೇಲೆಯೇ ಕತ್ತರಿ. ಮೊದಲೇ ತುಂಡು ಪದಗಳನ್ನು ಜೋಡಿಸಲು ಹೊರಟರೆ ಯಾರು ಯಾರಿಗೆ ಏನು ಮಾಡಿದರು ಎಂಬುದು ನಮ್ಮ ತಲೆಯಲ್ಲಿ ಮಾತ್ರ ಉಳಿಯುತ್ತದೆ, ಹಾಳೆಯ ಮೇಲೆ ಬರುವುದಿಲ್ಲ.

ಕತ್ತರಿಸುವಾಗ ಕೈ ಮೊದಲು ಹೋಗುವುದು ವಿಭಕ್ತಿ ಪ್ರತ್ಯಯಕ್ಕೆ. ‘ಅನ್ನು’ ತೆಗೆದರೆ ಎರಡಕ್ಷರದ ಜಾಗ ಸಿಗುತ್ತದೆ, ಯಾರೂ ಗಮನಿಸುವುದಿಲ್ಲ ಅನಿಸುತ್ತದೆ. ‘ನಾಯಿ ಕಚ್ಚಿದ ಬಾಲಕ ಆಸ್ಪತ್ರೆಗೆ’ ಎಂಬುದನ್ನು ನೋಡಿ. ಬಾಲಕನೇ ನಾಯಿಗೆ ಕಚ್ಚಿದನಾ? ನಾಯಿ ವಿಷಯದಲ್ಲಿ ಓದುಗ ನಕ್ಕು ಅರ್ಥ ಮಾಡಿಕೊಳ್ಳುತ್ತಾನೆ. ‘ಗೆಳೆಯ ಕೊಂದ ಯುವಕ’ ಎಂದು ಬಂದರೆ ಸತ್ತವನು ಯಾರು, ಕೊಂದವನು ಯಾರು? ಇಲ್ಲಿ ‘ಗೆಳೆಯನನ್ನು’ ಎಂದೇ ಬರೆಯಬೇಕು. ಅಕ್ಷರ ಜಾಸ್ತಿಯಾಯಿತಾ, ಪಾಯಿಂಟ್, ಅಂದರೆ ಅಕ್ಷರದ ಗಾತ್ರ, ಇಳಿಸಲಿ. ‘ಅಧ್ಯಕ್ಷರ ಟೀಕೆ’ ಎಂಬುದೂ ಇದೇ ಜಾತಿ. ಅಧ್ಯಕ್ಷರು ಟೀಕಿಸಿದರೋ, ಅಧ್ಯಕ್ಷರನ್ನು ಟೀಕಿಸಿದರೋ? ‘ಅಧ್ಯಕ್ಷರಿಂದ’ ಅಥವಾ ‘ಅಧ್ಯಕ್ಷರ ವಿರುದ್ಧ’ ಎಂದು ಬರೆದರೆ ಜಗಳವೇ ಇಲ್ಲ.

1948ರ ನವೆಂಬರ್ 3ರ ‘ಶಿಕಾಗೊ ಡೈಲಿ ಟ್ರಿಬ್ಯೂನ್’ ಕಥೆ ಪತ್ರಿಕೋದ್ಯಮ ಓದಿದವರಿಗೆಲ್ಲ ಗೊತ್ತು. ಮುದ್ರಣ ಕೆಲಸಗಾರರ ಮುಷ್ಕರ ಇದ್ದದ್ದರಿಂದ ಪತ್ರಿಕೆಯವರು ಪೇಜನ್ನು ಬೇಗ ಬಿಡಬೇಕಾಗಿತ್ತು. ಅಮೆರಿಕದ ಅಧ್ಯಕ್ಷರ ಚುನಾವಣೆಯ ಮತ ಎಣಿಕೆ ಮುಗಿಯುವ ಮೊದಲೇ, ಅಧ್ಯಕ್ಷ ಟ್ರೂಮನ್‌ರನ್ನು ಎದುರಾಳಿ ಡ್ಯೂಯಿ ಸೋಲಿಸಿದರು ಎಂದು ದಪ್ಪಕ್ಷರದಲ್ಲಿ ಹಾಕಿಬಿಟ್ಟರು. ಗೆದ್ದದ್ದು ಟ್ರೂಮನ್. ಆ ಪತ್ರಿಕೆಯನ್ನು ಎತ್ತಿ ಹಿಡಿದು ಅವರು ನಗುತ್ತಿರುವ ಫೋಟೊ ಈಗಲೂ ಓಡಾಡುತ್ತದೆ. ನನಗೆ ಆಗಾಗ ಒಂದು ತಮಾಷೆ ಹೊಳೆಯುತ್ತದೆ. ಅದು ಕನ್ನಡ ಪತ್ರಿಕೆಯಾಗಿದ್ದು, ಜಾಗ ಉಳಿಸಲು ‘ಟ್ರೂಮನ್ ಸೋಲಿಸಿದ ಡ್ಯೂಯಿ’ ಎಂದು ಹಾಕಿದ್ದರೆ ಯಾರೇ ಗೆದ್ದರೂ ಬಚಾವಾಗುತ್ತಿದ್ದರು ಅಲ್ವಾ?

ಇನ್ನೊಂದು ಕಷ್ಟ ಕನ್ನಡದ ಜಾಯಮಾನದಲ್ಲೇ ಇದೆ. ನಮ್ಮಲ್ಲಿ ‘ಇಲ್ಲ’ ಎಂಬುದು ಕೊನೆಗೆ ಬರುತ್ತದೆ. ‘ಸಂಬಳ ಹೆಚ್ಚಳಕ್ಕೆ ಸರ್ಕಾರದ ಒಪ್ಪಿಗೆ ಇಲ್ಲ’ ಎಂದು ಬರೆದು ಎರಡು ಸಾಲಿಗೆ ಒಡೆದೆ. ಮೊದಲ ಸಾಲು ‘ಸಂಬಳ ಹೆಚ್ಚಳಕ್ಕೆ ಸರ್ಕಾರದ ಒಪ್ಪಿಗೆ’ ಎಂದು ಮುಗಿಯಿತು. ‘ಇಲ್ಲ’ ಕೆಳಗೆ ಒಂಟಿಯಾಗಿ ನಿಂತಿತ್ತು. ಮೊಬೈಲಿನಲ್ಲಿ ಇನ್ನೂ ಕೆಟ್ಟದು. ಅಲ್ಲಿ ಉದ್ದವಾದದ್ದನ್ನು ಮೂರು ಚುಕ್ಕಿ ಹಾಕಿ ಕತ್ತರಿಸುತ್ತಾರೆ, ಓದುಗ ಒಪ್ಪಿಗೆ ಸಿಕ್ಕಿತು ಎಂದುಕೊಂಡು ಸ್ನೇಹಿತರಿಗೆ ಕಳಿಸುತ್ತಾನೆ. ಈಗ ನಾನು ನಿರಾಕರಣೆಯನ್ನು ಆದಷ್ಟು ಮುಂದೆ ತರುತ್ತೇನೆ: ‘ಸಂಬಳ ಹೆಚ್ಚಳ ಇಲ್ಲ: ಸರ್ಕಾರ’.

ಪೊಲೀಸ್ ಸುದ್ದಿಯಲ್ಲಿ ಪದದ ತೂಕ ನೋಡಲೇಬೇಕು. ನ್ಯಾಯಾಲಯ ತಪ್ಪಿತಸ್ಥ ಎಂದು ತೀರ್ಪು ಕೊಡುವವರೆಗೆ ಅವನು ಆರೋಪಿ, ಹಾಗೆ ತೀರ್ಪು ಬಂದರೆ ಮಾತ್ರ ಅಪರಾಧಿ. ವಿಚಾರಣೆಗೆ ಕರೆದೊಯ್ದರೆ ಬಂಧನ ಅಲ್ಲ. ಹೆಣ ಸಿಕ್ಕ ಮಾತ್ರಕ್ಕೆ ಕೊಲೆ ಅಲ್ಲ. ಕೆಲವರು ಯಾರ ಮಾತೆಂದು ಹೇಳದೆ ಸುಮ್ನೆ ‘ಕೊಲೆಗಾರ’ ಎಂಬುದರ ಸುತ್ತ ಒಂಟಿ ಉದ್ಧರಣ ಚಿಹ್ನೆ ಹಾಕಿ ತಪ್ಪಿಸಿಕೊಂಡೆವು ಎಂದುಕೊಳ್ಳುತ್ತಾರೆ. ಓದುಗನ ಕಣ್ಣಿಗೆ ಬೀಳುವುದು ಪದ, ಚಿಹ್ನೆ ಅಲ್ಲ.

ಪ್ರಾಸದ ಹುಚ್ಚು ನನಗೂ ಇತ್ತು. ಕ್ರೀಡಾಪುಟದಲ್ಲಿ ಪ್ರಾಸ ಇರಲಿ, ಸಾವಿನ ಸುದ್ದಿಯಲ್ಲಿ ಬೇಡ. ಇನ್ನು ಗ್ರಹಣ, ಹಸಿರು ನಿಶಾನೆ, ಬಿಗ್ ಶಾಕ್ ಇವೆಲ್ಲ ಏನಾಯಿತೆಂದು ಹೇಳುವುದೇ ಇಲ್ಲ. ಯೋಜನೆಗೆ ಗ್ರಹಣ ಎಂದರೆ ನಿಂತಿತಾ, ತಡವಾಯಿತಾ, ದುಡ್ಡು ಬರಲಿಲ್ಲವಾ?

ಅಂಕಿಯಲ್ಲಿ ನಾನು ಎರಡು ಸಲ ಎಡವಿದ್ದೇನೆ. ಉತ್ತೀರ್ಣರಾದವರ ಪ್ರಮಾಣ ಶೇ 60ರಿಂದ ಶೇ 66ಕ್ಕೆ ಏರಿತ್ತು. ನಾನು ‘ಶೇ 6ರಷ್ಟು ಏರಿಕೆ’ ಎಂದು ಕೊಟ್ಟೆ. ಲೆಕ್ಕದ ಪ್ರಕಾರ 60ರ ಮೇಲೆ 6 ಹೆಚ್ಚಾದರೆ ಅದು ಶೇ 10ರಷ್ಟು ಏರಿಕೆ, ಅಥವಾ 6 ಶೇಕಡಾವಾರು ಅಂಶ, ಅಂದರೆ ಎರಡು ಶೇಕಡಾಗಳ ನಡುವಿನ ನೇರ ವ್ಯತ್ಯಾಸ. ಇಷ್ಟು ತಲೆಬಿಸಿ ಯಾಕೆ ಎಂದು ಈಗ ‘ಶೇ 66 ಮಂದಿ ಪಾಸ್, ಕಳೆದ ವರ್ಷ ಶೇ 60’ ಎಂದೇ ಹಾಕುತ್ತೇನೆ. ಎರಡನೆಯದು ಅವಘಡದ ಸುದ್ದಿ. ರಾತ್ರಿ ವರದಿಗಾರ ಸತ್ತವರ ಸಂಖ್ಯೆಯನ್ನು 4ರಿಂದ 5 ಮಾಡಿದ. ಒಳಗೆ ತಿದ್ದಿದೆವು, ಮೇಲೆ 4 ಹಾಗೇ ಉಳಿಯಿತು.

ಹಾಗಾಗಿ ಪೇಜ್ ಬಿಡುವ ಮೊದಲು ಕೊನೆಯ ಐದು ನಿಮಿಷ ನಾನು ಸುದ್ದಿ ಓದುವುದಿಲ್ಲ. ಬರೀ ಹೆಡ್ಡಿಂಗ್ ಮತ್ತು ಅಂಕಿ. ಒಂದು ಪ್ರಿಂಟ್ ತೆಗೆದು, ಆ ಸುದ್ದಿಗಳನ್ನು ಓದದವರ ಕೈಗೆ ಕೊಡುತ್ತೇನೆ. ಹೆಚ್ಚಾಗಿ ಅದು ವಾಣಿಜ್ಯ ಪುಟದ ಗೆಳೆಯ. ಅವನು ‘ಯಾವ ಚಾಲಕ?’ ಎಂಬಂಥ ಪ್ರಶ್ನೆ ಕೇಳಿದರೆ ನಾನು ವಿವರಣೆ ಕೊಡಲು ಹೋಗುವುದಿಲ್ಲ. ಕುರ್ಚಿ ಎಳೆದುಕೊಂಡು ಮತ್ತೆ ಬರೆಯಲು ಕೂರುತ್ತೇನೆ.