ಶಾಲೆ ಮುಂದೆ ಹಂಪ್ ಬೇಕೆ? ಅರ್ಜಿಗಿಂತ ಮೊದಲು ಅಳತೆ ಟೇಪು ಹಿಡಿಯಿರಿ

ಸಂಜೆ ಲಾಂಗ್ ಬೆಲ್ ಹೊಡೆದರೆ ಸಾಕು, ನಮ್ಮೂರ ಸರ್ಕಾರಿ ಶಾಲೆಯ ಮಕ್ಕಳು ಗೇಟು ದಾಟಿ ಸೀದಾ ಡಾಂಬರು ರಸ್ತೆಗೇ ಬಂದುಬಿಡುತ್ತಾರೆ. ಗೇಟಿಗೂ ರಸ್ತೆಗೂ ನಡುವೆ ಇರುವುದು ನಾಲ್ಕೇ ಹೆಜ್ಜೆ. ಎದುರಿನ ಪೆಟ್ಟಿಗೆ ಅಂಗಡಿಯ ಮಿಠಾಯಿ ಡಬ್ಬಿ ಕಂಡ ಒಂದನೇ ತರಗತಿಯ ಮಗು ಎಡಬಲ ನೋಡುವುದಿಲ್ಲ. ನೋಡಲಿ ಎಂದು ಕಾಯುವುದೂ ತಪ್ಪು, ನಿಧಾನವಾಗಬೇಕಾದದ್ದು ಗಾಡಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಚಾಲಕ ಮಗುವನ್ನು ಕಂಡು ಬ್ರೇಕಿಗೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. 25 ಕಿ.ಮೀ. ಆದರೆ 7 ಮೀಟರ್. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತರು.

ನಾನು ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯಲ್ಲಿದ್ದಾಗ ಎರಡು ವರ್ಷ ಅರ್ಜಿ ಕೊಟ್ಟೆವು. ಒಂದೂ ಮುಂದೆ ಹೋಗಲಿಲ್ಲ. ದುಡ್ಡಿಲ್ಲವೇನೋ ಅಂದುಕೊಂಡೆವು. ಆಮೇಲೆ ಗೊತ್ತಾಯಿತು, ಅರ್ಜಿ ಹೋದ ಕಚೇರಿಗೂ ಆ ರಸ್ತೆಗೂ ಸಂಬಂಧವೇ ಇರಲಿಲ್ಲ. ನಮ್ಮ ಹಾಗೆ ನೀವೂ ಎರಡು ವರ್ಷ ಕಳೆದುಕೊಳ್ಳಬೇಡಿ.

ರಸ್ತೆ ಯಾರದು?

ಹತ್ತಿರದ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆಯ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಕಚೇರಿ. ಹಳ್ಳಿ ರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಅಥವಾ ಗ್ರಾಮ ಪಂಚಾಯಿತಿ. ಪಟ್ಟಣದ ಒಳಗಿನ ರಸ್ತೆಗೆ ಪುರಸಭೆ, ನಗರಸಭೆ ಅಥವಾ ಪಾಲಿಕೆ. ಕಲ್ಲೇ ಇಲ್ಲದಿದ್ದರೆ ಪಂಚಾಯಿತಿಯ ಪಿಡಿಒ ಅವರನ್ನು ಕೇಳಿ, ರಸ್ತೆಯ ಹೆಸರು ಮತ್ತು ಸಂಖ್ಯೆ ಬರೆದುಕೊಳ್ಳಿ.

ಒಂದು ವಾರ ಗೇಟಿನ ಬಳಿ ನಿಲ್ಲಿ

ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಎಷ್ಟು ಮಕ್ಕಳು, ಎಲ್ಲಿ ದಾಟುತ್ತಾರೆ, ಲಾರಿ ಎಷ್ಟು, ಬಸ್ಸು ಎಷ್ಟು ಎಂದು ಬರೆದಿಡಿ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ರಸ್ತೆಯ ಅಗಲ ಅಳೆಯಿರಿ. ಹಿಂದೆ ಅಪಘಾತವಾಗಿದ್ದರೆ ಠಾಣೆಯಲ್ಲಿ ದಾಖಲಾದ ಸಂಖ್ಯೆ ಪಡೆಯಿರಿ. ‘ಮಕ್ಕಳಿಗೆ ತೊಂದರೆಯಾಗುತ್ತಿದೆ’ ಎಂದಷ್ಟೇ ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. ಲೆಕ್ಕವಿದ್ದರೆ ಜೆಇ (ಕಿರಿಯ ಎಂಜಿನಿಯರ್) ಸ್ಥಳಕ್ಕೆ ಬರುತ್ತಾರೆ.

ಕೇಳುವುದು ಹಂಪ್ ಒಂದನ್ನೇ ಅಲ್ಲ

ನಮ್ಮ ಪಕ್ಕದೂರಲ್ಲಿ ಅಪಘಾತವಾದ ರಾತ್ರಿಯೇ ಹುಡುಗರು ಜಲ್ಲಿ, ಸಿಮೆಂಟು ತಂದು ತಾವೇ ಹಂಪ್ ಕಟ್ಟಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಮಾರನೇ ದಿನ ಟೇಪು ಹಿಡಿದು ನೋಡಿದೆ: ಅಗಲ ಎರಡಡಿಯೂ ಇಲ್ಲ, ಎತ್ತರ ಹೆಚ್ಚುಕಡಿಮೆ ಒಂದು ಗೇಣು. ಬಣ್ಣವಿಲ್ಲ, ಫಲಕವಿಲ್ಲ. ವಾರದೊಳಗೆ ಡೇರಿಗೆ ಹಾಲು ಒಯ್ಯುತ್ತಿದ್ದ ಬೈಕಿನ ಹಿಂದೆ ಕೂತಿದ್ದ ಹೆಂಗಸು ಅಲ್ಲೇ ಬಿದ್ದು ಕೈ ಮುರಿದುಕೊಂಡರು.

ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿಯ ಹಂಪ್ ಬೇರೆಯೇ ತರಹ. ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂ.ಮೀ., ಬಿಲ್ಲಿನಂತೆ ಬಾಗಿದ ಮೈ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದವರಿಗೆ ಸೊಂಟ ಉಳುಕುವುದಿಲ್ಲ, ಜೋರಾಗಿ ಬಂದವರು ನಿಧಾನ ಮಾಡಲೇಬೇಕು. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ, ಮೇಲೆ ರಾತ್ರಿ ಹೊಳೆಯುವ ಬಣ್ಣದ ಪಟ್ಟೆ. ಇದರ ಜೊತೆಗೆ ‘ಶಾಲೆ ಮುಂದಿದೆ’ ಫಲಕ, ಝೀಬ್ರಾ ಪಟ್ಟಿ, ಗೇಟಿನ ಎರಡೂ ಬದಿಗೆ ಒಂದಿಷ್ಟು ದೂರ ಕಾಲುದಾರಿ, ಮಕ್ಕಳು ಒಮ್ಮೆಗೇ ರಸ್ತೆಗೆ ನುಗ್ಗದಂತೆ ಗೇಟಿನ ಮುಂದೆ ಕಂಬಿ ಕೇಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ ಕೊಡುವುದಿಲ್ಲ. ಅಲ್ಲಿ ರಸ್ತೆಗೆ ಅಡ್ಡಲಾಗಿ ದಪ್ಪ ಬಿಳಿ ಪಟ್ಟಿಗಳನ್ನು, ದಾಟಲು ಸೇತುವೆ ಅಥವಾ ಸಿಗ್ನಲ್ ಅನ್ನು ಕೇಳಬೇಕು. ವೇಗಮಿತಿ ಫಲಕ ನೆಟ್ಟರೆ ಮುಗಿಯಲಿಲ್ಲ, ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಅಡಿ ಅಧಿಸೂಚನೆಯೂ ಬೇಕು.

ದುಡ್ಡು ಎಲ್ಲಿಂದ?

ಮೊದಲು ಜೆಇ ಅವರಿಂದ ಅಂದಾಜು ಪಟ್ಟಿ ಮಾಡಿಸಿ. ಎಸ್ಟಿಮೇಟ್ ಕೈಯಲ್ಲಿಲ್ಲದೆ ಯಾರ ಬಾಗಿಲಿಗೆ ಹೋದರೂ ‘ನೋಡೋಣ’ ಎನ್ನುವ ಉತ್ತರವೇ ಸಿಗುತ್ತದೆ.

ಹಳ್ಳಿ ರಸ್ತೆಯಾದರೆ ದಾರಿ ಹತ್ತಿರ. ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪಾಲು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. 15ನೇ ಆಯೋಗದಲ್ಲಿ ಅದು ಶೇ 60 ಇತ್ತು. ಉಳಿದ ಅನಿರ್ಬಂಧಿತ ಪಾಲಿನಲ್ಲಿ ಮತ್ತು ಪಂಚಾಯಿತಿಯ ಸ್ವಂತ ತೆರಿಗೆಯಲ್ಲಿ ಇಂಥ ಕೆಲಸ ಇಡಬಹುದು. ಆದರೆ ಕೆಲಸದ ಹೆಸರು ಗ್ರಾಮಸಭೆಯಲ್ಲಿ ಠರಾವಾಗಿ ಆ ವರ್ಷದ ಕ್ರಿಯಾಯೋಜನೆ ಸೇರಬೇಕು. ಯೋಜನೆ ಅಂತಿಮವಾದ ಮೇಲೆ ಹೋದರೆ ಇನ್ನೊಂದು ವರ್ಷ ಕಾಯಬೇಕು. ಮಕ್ಕಳ ಗ್ರಾಮಸಭೆಯನ್ನು ಮರೆಯಬೇಡಿ. ನಮ್ಮಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ತಮ್ಮನ ಕೈ ಹಿಡ್ಕೊಂಡು ದಾಟೋಕೆ ನಂಗೇ ಭಯ ಆಗ್ತದೆ ಸಾರ್’ ಅಂದಳು. ನಮ್ಮ ಎರಡು ವರ್ಷದ ಅರ್ಜಿಗಳಿಂದ ಆಗದ್ದು ಆ ಒಂದು ಮಾತಿನಿಂದ ನಡಾವಳಿ ಪುಸ್ತಕಕ್ಕೆ ಏರಿತು.

ದೊಡ್ಡ ರಸ್ತೆಯಾದರೆ ಇಲಾಖೆಯ ನಿರ್ವಹಣಾ ಅನುದಾನವೇ ಮೊದಲು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅರ್ಜಿಯ ಪ್ರತಿ ಕೊಡಿ. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ ಮೂವರೂ ಅಲ್ಲಿ ಒಟ್ಟಿಗೆ ಕೂರುತ್ತಾರೆ. ಹೊಸ ವಾಹನ ನೋಂದಣಿಯಾಗುವಾಗ ರಾಜ್ಯ ಸರ್ಕಾರ ರಸ್ತೆ ಸುರಕ್ಷತಾ ಸೆಸ್ ವಸೂಲು ಮಾಡುತ್ತದೆ. ಆ ಹಣ ಶಾಲೆಯ ಮುಂದೆ ಖರ್ಚಾಗಲಿ ಎಂದು ಕೇಳಲು ಸಂಕೋಚ ಬೇಡ.

ಕಾಲುದಾರಿ, ಕಂಬಿಯಂಥ ಉಳಿಯುವ ಕಾಮಗಾರಿಗೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿದೆ, ವರ್ಷಕ್ಕೆ 2 ಕೋಟಿ ರೂಪಾಯಿ. ಸಂಸದರಿಗೆ 5 ಕೋಟಿ. ಅವರು ಶಿಫಾರಸು ಪತ್ರ ಕೊಟ್ಟರೆ ಮಂಜೂರಾತಿ ಜಿಲ್ಲಾಡಳಿತದಿಂದ. ಹತ್ತಿರದಲ್ಲಿ ಕಾರ್ಖಾನೆಯಿದ್ದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಇಡುವ ಸಿಎಸ್‌ಆರ್ ಹಣದಲ್ಲಿ ಫಲಕ, ಬಣ್ಣ ಕೇಳಬಹುದು. ರಸ್ತೆಯ ಒಡೆತನದ ಇಲಾಖೆಯ ಒಪ್ಪಿಗೆ ಪತ್ರ ಮಾತ್ರ ಮೊದಲು ಇರಲಿ.

ಅರ್ಜಿ ಕೊಟ್ಟ ಮೇಲೆ

ಸ್ವೀಕೃತಿ ಸೀಲು ಹಾಕಿಸದೆ ಬರಬೇಡಿ. ಕಚೇರಿ ಕೊಡುವ ಉತ್ತರವನ್ನು, ಅಂದರೆ ಹಿಂಬರಹವನ್ನು, ಬರವಣಿಗೆಯಲ್ಲೇ ಕೇಳಿ. ತಿಂಗಳಾದರೂ ಸುದ್ದಿಯಿಲ್ಲದಿದ್ದರೆ 1902 ಜನಸ್ಪಂದನಕ್ಕೆ ಕರೆ ಮಾಡಿ, ಅಥವಾ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 198ಎ ಕಲಂ ಅನ್ನೂ ಅರ್ಜಿಯಲ್ಲಿ ನಮೂದಿಸಿ. ರಸ್ತೆಯ ವಿನ್ಯಾಸ, ನಿರ್ವಹಣೆ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಕೆಲಸ ಮುಗಿದ ದಿನ, ಗುತ್ತಿಗೆದಾರರ ಬಿಲ್ ಪಾಸಾಗುವ ಮೊದಲೇ, ಮತ್ತೆ ಟೇಪು ಹಿಡಿಯಿರಿ. ನಮ್ಮ ಹಂಪ್ 3.7 ಮೀಟರ್ ಬಂದಿತ್ತು, ಬಣ್ಣ ಮಾತ್ರ ಹೊಡೆದಿರಲಿಲ್ಲ. ಜೆಇಗೆ ಅಲ್ಲಿಂದಲೇ ಫೋನ್ ಮಾಡಿದೆವು. ಇನ್ನೊಂದು ಎಚ್ಚರ: ರಸ್ತೆಗೆ ಹೊಸ ಡಾಂಬರು ಬಿದ್ದಾಗ ಹಂಪ್, ಝೀಬ್ರಾ ಎರಡೂ ಅಡಿಗೆ ಹೋಗುತ್ತವೆ. ಮರುಡಾಂಬರೀಕರಣದ ಅಂದಾಜು ಪಟ್ಟಿ ತಯಾರಾಗುವಾಗಲೇ ಎಇಇ ಕಚೇರಿಗೆ ಹೋಗಿ, ಅವೆರಡೂ ಅದರಲ್ಲಿ ಸೇರಿವೆಯೇ ಎಂದು ಪ್ರತಿ ಪಡೆದು ನೋಡಿ.