ಮಗಳ ನಿಶ್ಚಿತಾರ್ಥಕ್ಕೆ ನಾವು ಕರೆದ ರೀತಿ

ಮಗಳ ನಿಶ್ಚಿತಾರ್ಥವನ್ನು ಹಾಸನದ ಒಂದು ಚಿಕ್ಕ ಛತ್ರದಲ್ಲಿ ಮಾಡಿದೆವು. ನಮ್ಮ ಕಡೆ ನಿಶ್ಚಿತಾರ್ಥ ಹೆಣ್ಣಿನ ಮನೆಯವರದ್ದು. ಹಾಗಾಗಿ ಕರೆಯುವ ಜವಾಬ್ದಾರಿಯೂ ನಮ್ಮದೇ. ಆಷಾಢಕ್ಕೆ ಮುಂಚೆ ಮುಗಿಸಬೇಕಿತ್ತು, ಸಮಯ ಜಾಸ್ತಿ ಇರಲಿಲ್ಲ.

ಮೊದಲು ಬೀಗರನ್ನೇ ಕೇಳಿದೆ, ‘ನಿಮ್ಮ ಕಡೆಯಿಂದ ಎಷ್ಟು ಜನ ಬರ್ತೀರಿ?’ ಅಂತ. ಈ ಪ್ರಶ್ನೆಗೆ ಸಂಕೋಚ ಪಡಬಾರದು. ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ 60 ಎಲೆ, ಎರಡು ಪಂಕ್ತಿಗೆ 120. ಅವರು 50 ಅಂದರು. ನಮಗೆ ಉಳಿದದ್ದು 70.

ಆ 70 ಜನ ಯಾರು ಅನ್ನುವುದೇ ಕಷ್ಟದ ಕೆಲಸ. ನಾನು ಸಾಲು ಹಿಡಿದು ಲೆಕ್ಕ ಹಾಕಿದೆ. ಒಬ್ಬ ಚಿಕ್ಕಪ್ಪನನ್ನು ಕರೆದರೆ ಎಲ್ಲಾ ಚಿಕ್ಕಪ್ಪಂದಿರನ್ನೂ ಕರೆಯಬೇಕು. ಒಬ್ಬ ಸೋದರತ್ತೆ ಬಂದು ಇನ್ನೊಬ್ಬರು ಬಿಟ್ಟುಹೋದರೆ ಆ ನೋವು ವರ್ಷಗಟ್ಟಲೆ ಉಳಿಯುತ್ತೆ. ಅದಕ್ಕೇ ಅಪ್ಪ-ಅಮ್ಮಂದಿರ ಒಡಹುಟ್ಟಿದವರು, ಅವರ ಮಕ್ಕಳು, ಇಷ್ಟಕ್ಕೆ ನಿಲ್ಲಿಸಿ, ಅದರಾಚೆಯ ಸಾಲನ್ನು ಪೂರ್ತಿ ಮದುವೆಗೆ ಬಿಟ್ಟೆ. ಗೆಳೆಯರಲ್ಲಿ ಮಗಳಿಗೆ ತೀರಾ ಹತ್ತಿರದವರು ಮಾತ್ರ.

ಪತ್ರಿಕೆ ಅಚ್ಚು ಹಾಕಿಸಲಿಲ್ಲ, ಮೊಬೈಲಿಗೆ ಕಳಿಸುವಂಥದ್ದನ್ನು ಮಗಳೇ ಕನ್ನಡದಲ್ಲಿ ಮಾಡಿದಳು. ಒಂದು ಪ್ರತಿಯನ್ನು ಪ್ರಿಂಟ್ ತೆಗೆಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟೆವು. ಆಮೇಲೆ ಸೋದರಮಾವನ ಮನೆಗೆ ನಾವೇ ಹೋದೆವು. ಅತ್ತಿಗೆಗೆ ಕುಂಕುಮ ಕೊಟ್ಟು, ‘ಅಣ್ಣ, ನೀವಿಬ್ಬರೂ ಮುಂದೆ ನಿಂತು ನಡೆಸಿಕೊಡಬೇಕು’ ಅಂತ ಕೇಳಿಕೊಂಡೆ. ಬೇರೆ ಯಾರಿಗೂ ಸುದ್ದಿ ಮುಟ್ಟುವ ಮುಂಚೆ ಅವರಿಗೆ ಹೇಳಿದ್ದೆವು. ಅದು ಅವರಿಗೆ ಸಲ್ಲಬೇಕಾದ ಮರ್ಯಾದೆ.

ಉಳಿದವರಿಗೆ ಮೊದಲು ಫೋನು, ಆಮೇಲೆ ವಾಟ್ಸಾಪ್. ಫ್ಯಾಮಿಲಿ ಗ್ರೂಪಿಗೆ ಸುಮ್ನೆ ಹಾಕಿಬಿಟ್ಟರೆ ಅದು ಕರೆದ ಹಾಗಲ್ಲ. ಸಂದೇಶದಲ್ಲಿ ವಾರ, ತಾರೀಖು, ಮುಹೂರ್ತ, ಊಟದ ಹೊತ್ತು, ಛತ್ರದ ಲೊಕೇಶನ್ ಇತ್ತು. ‘ಸಕುಟುಂಬ’ ಅಂತ ಬರೆದರೆ ಯಾರ‍್ಯಾರು ಅನ್ನುವ ಗೊಂದಲ ಆಗುತ್ತೆ. ಅದಕ್ಕೇ ಫೋನಿನಲ್ಲೇ ಬಿಡಿಸಿ ಹೇಳುತ್ತಿದ್ದೆ, ‘ನೀವು, ಚಿಕ್ಕಮ್ಮ, ಇಬ್ಬರು ಮಕ್ಕಳು, ನಾಲ್ಕೂ ಜನ ಬನ್ನಿ’ ಅಂತ. ಕೇಳುವವರಿಗೂ ಖುಷಿ, ನಮಗೂ ಲೆಕ್ಕ ಸಿಕ್ಕಿತು.

ಕರೆಯದೇ ಇದ್ದವರ ವಿಷಯದಲ್ಲಿ ಇನ್ನೂ ಜಾಸ್ತಿ ಜೋಪಾನ ಬೇಕು. ಬೇರೆಯವರ ಸ್ಟೇಟಸ್‌ನಲ್ಲಿ ಫೋಟೋ ನೋಡಿ ಅವರಿಗೆ ಗೊತ್ತಾಗಬಾರದು ಅಲ್ವಾ? ಹಿಂದಿನ ದಿನವೇ ಫೋನು ಮಾಡಿ, ‘ಮನೆ ಮಟ್ಟಿಗೆ ಇಟ್ಕೊಂಡಿದ್ದೀವಿ, ಮದುವೆಗೆ ಮನೆಗೇ ಬಂದು ಕರೀತೀವಿ’ ಅಂದೆ. ಹಾಗೆ ಹೇಳಿದ ಮೇಲೆ ಮದುವೆ ಪತ್ರಿಕೆ ಹಿಡಿದು ಅವರ ಮನೆಗೆ ಹೋಗಲೇಬೇಕು. ಆ ಹೆಸರುಗಳನ್ನು ಅವತ್ತೇ ಬೇರೆ ಹಾಳೆಯಲ್ಲಿ ಬರೆದಿಟ್ಟೆ.

ಅಡುಗೆಯವರಿಗೆ ಕೊನೆಯ ಲೆಕ್ಕ ಕೊಟ್ಟಿದ್ದು ಎರಡು ದಿನ ಮುಂಚೆ. ಬರ್ತೀವಿ ಅಂದವರ ಲೆಕ್ಕದ ಮೇಲೆ ಹತ್ತು ಎಲೆ ಜಾಸ್ತಿ ಹೇಳಿದೆ. ದೂರದಿಂದ ಬರುವವರು ಕಾರಿನ ಡ್ರೈವರನ್ನೂ ಕರೆತರುತ್ತಾರೆ, ಅವರಿಗೂ ಪಂಕ್ತಿಯಲ್ಲೇ ಊಟ ಹಾಕಬೇಕು.